ಮೇಜಿನ ಸುತ್ತ ಕೂತವರು

ಬೋರ್ಡು ಎಂದ ಕೂಡಲೇ ನನ್ನಂಥ ಶಾಲಾ ಉಪಾಧ್ಯಾಯಿನಿಯ ಕಣ್ಣಿಗೆ ಬರುವುದು ಕರಿಹಲಗೆ. ಕಂಪನಿಗಳ ಲೋಕದಲ್ಲಿ ಬೋರ್ಡು ಎಂದರೆ ಆಡಳಿತ ಮಂಡಳಿ. ಆ ಇಂಗ್ಲಿಷ್ ಪದಕ್ಕೂ ಮೂಲದಲ್ಲಿ ಹಲಗೆಯೆಂದೇ ಅರ್ಥ. ಹಲಗೆ ಮೇಜಾಯಿತು, ಮೇಜಿನ ಹೆಸರು ಅದರ ಸುತ್ತ ಕೂರುವವರಿಗೂ ಅಂಟಿಕೊಂಡಿತು. ಎರಡು ಹಲಗೆಗಳಿಗೂ ಒಂದು ವ್ಯತ್ಯಾಸವುಂಟು. ನಾನು ಬರೆದದ್ದನ್ನು ಹಿಂದಿನ ಬೆಂಚಿನ ಹುಡುಗನೂ ಓದುತ್ತಾನೆ, ‘ಮೇಡಂ, ಒತ್ತಕ್ಷರ ಬಿಟ್ಟಿದ್ದೀರಿ’ ಎಂದು ಎದ್ದು ನಿಂತು ಹೇಳುತ್ತಾನೆ. ಕಂಪನಿಯ ಹಲಗೆಯ ಮೇಲೆ ಬರೆಯುವುದು ಬಾಗಿಲು ಹಾಕಿದ ಕೋಣೆಯಲ್ಲಿ. ಅದರ ಫಲ ಮಾತ್ರ ಹೊರಗಿದ್ದವರ ಮನೆ ಬಾಗಿಲಿಗೆ ಬರುತ್ತದೆ.

ಕತ್ತೆತ್ತಿದರೆ ಬಿಳಿಗಿರಿರಂಗನ ಬೆಟ್ಟ ಕಾಣುವ ಯಳಂದೂರಿನ ಕಡೆಯವಳಿಗೆ ಕಂಪನಿಗಳ ಗೊಡವೆ ಏಕೆ ಎಂದು ನೀವು ಕೇಳಬಹುದು. ನನ್ನ ಬಳಿ ಒಂದು ಷೇರೂ ಇಲ್ಲ, ನಿಜ. ಆದರೆ ತೀರ್ಮಾನ ಮಾಡುವವರು ಒಂದು ಕಡೆ, ಅದನ್ನು ಅನುಭವಿಸುವವರು ಇನ್ನೊಂದು ಕಡೆ ಇರುವುದು ನ್ಯಾಯವೇ ಎಂದು ಕೇಳಲು ಷೇರು ಬೇಕಾಗಿಲ್ಲ. ಆ ಪ್ರಶ್ನೆಯ ಮಟ್ಟಿಗೆ ನಮ್ಮ ಬೆಟ್ಟದಷ್ಟು ಒಳ್ಳೆಯ ಪಾಠಶಾಲೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಮೊದಲು ಕಾನೂನಿನ ಮಾತು. 2013ರ ಕಂಪನಿ ಕಾಯ್ದೆ ಎರಡು ಹೊಸ ಸಂಗತಿಗಳನ್ನು ತಂದಿತು. 500 ಕೋಟಿ ರೂಪಾಯಿ ನಿವ್ವಳ ಆಸ್ತಿಯೋ, 1000 ಕೋಟಿ ವಹಿವಾಟೋ, 5 ಕೋಟಿ ನಿವ್ವಳ ಲಾಭವೋ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದಕ್ಕೆ ಸಾಮಾಜಿಕ ಹೊಣೆಗಾರಿಕೆ ಎಂದು ಹೆಸರು. ಎರಡನೆಯದು, ಷೇರುಪೇಟೆಯಲ್ಲಿರುವ ಕಂಪನಿಗಳ ಮತ್ತು ಇತರ ದೊಡ್ಡ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಕನಿಷ್ಠ ಒಬ್ಬಳು ಹೆಂಗಸು ಇರಬೇಕು. ನಾರ್ವೆ ದೇಶ 2003ರಲ್ಲೇ ಇದಕ್ಕಾಗಿ ಕಾನೂನು ಮಾಡಿ ದೊಡ್ಡ ಕಂಪನಿಗಳ ಮಂಡಳಿಗಳಲ್ಲಿ ಶೇಕಡಾ 40 ಎಂದು ಗೊತ್ತುಮಾಡಿತ್ತು. ನಮ್ಮಲ್ಲಿ ಒಬ್ಬಳು. ಇರಲಿ, ಸೊನ್ನೆಗಿಂತ ಒಂದು ದೊಡ್ಡದು ಎಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ.

ಆದರೆ ಆ ಒಂದು ಕುರ್ಚಿಗೆ ಯಾರು ಬಂದರು? ಕಾನೂನು ಬಂದ ಹೊಸತರಲ್ಲಿ ಅನೇಕ ಕಂಪನಿಗಳು ಮಾಲೀಕರ ಹೆಂಡತಿಯನ್ನೋ ಮಗಳನ್ನೋ ಸೊಸೆಯನ್ನೋ ಕೂರಿಸಿ ಕೈತೊಳೆದುಕೊಂಡವು. ಕರ್ನಾಟಕದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಾಗ ಹೆಂಗಸರಿಗೆ ಶೇಕಡಾ 25ರಷ್ಟು ಸ್ಥಾನ ಇಟ್ಟ ರಾಜ್ಯ ನಮ್ಮದು. ‘ಅಧ್ಯಕ್ಷೆಯ ಯಜಮಾನರು’ ಎಂಬ ಹೊಸ ಹುದ್ದೆ ಸೃಷ್ಟಿಯಾದದ್ದೂ ಆ ದಾರಿಯಲ್ಲೇ. ಆದರೂ ಆ ಮೀಸಲಾತಿ ವ್ಯರ್ಥವಾಯಿತೆನ್ನಲಾರೆ. ಗಂಡನ ನೆರಳಿನಲ್ಲಿ ಬಂದವರು ಎರಡನೆಯ ಸಲ ತಾವೇ ಮೈಕು ಹಿಡಿದದ್ದನ್ನು ಈ ಕಣ್ಣಿನಿಂದಲೇ ನೋಡಿದ್ದೇನೆ. ಒಬ್ಬಳಿದ್ದಾಗ ಅವಳು ಅತಿಥಿ, ಮೂವರಿದ್ದಾಗ ಅದು ಅವರ ಮನೆಯೂ ಹೌದು. ಇನ್ನು ಯಾರ ನೆರಳೂ ಇಲ್ಲದೆ ಬಂದವರ ಮಾತು ಬೇರೆ. ಕಿರಣ್ ಮಜುಂದಾರ್ 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಬಯೋಕಾನ್ ಶುರುಮಾಡಿದಾಗ ಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡಿದವು. ಮೇಜಿನ ತಲೆಯಲ್ಲಿ ಕೂರಬೇಕಾದರೆ ಆಕೆ ಮೇಜನ್ನೇ ಮಾಡಿಕೊಳ್ಳಬೇಕಾಯಿತು.

ಕೋಣೆಯಲ್ಲಿ ಬುದ್ಧಿವಂತರಿದ್ದರೆ ಸಾಲದೇ, ಎಂಥವರಾದರೇನು ಎನ್ನುವವರುಂಟು. ಅವರಿಗೆ ಸತ್ಯಂ ಕಂಪನಿಯ ಕಥೆ ನೆನಪಿಸಬೇಕು. ಆ ಮಂಡಳಿಯಲ್ಲಿ ಜಗತ್ತೇ ತಲೆಬಾಗುವ ಪ್ರಾಧ್ಯಾಪಕರಿದ್ದರು. 2008ರ ಡಿಸೆಂಬರಿನಲ್ಲಿ, ಅಧ್ಯಕ್ಷರ ಮನೆಯವರ ಕಂಪನಿಗಳನ್ನೇ ಕೊಳ್ಳುವ ಪ್ರಸ್ತಾಪಕ್ಕೆ ಆ ಮಂಡಳಿ ಒಪ್ಪಿಗೆ ಕೊಟ್ಟಿತು. ಮರುತಿಂಗಳು, 2009ರ ಜನವರಿ 7ರಂದು, ಲೆಕ್ಕದಲ್ಲಿ 7000 ಕೋಟಿಗೂ ಮೀರಿದ ಸುಳ್ಳಿದೆ ಎಂದು ಅಧ್ಯಕ್ಷರೇ ಬರೆದುಕೊಟ್ಟರು. ಆ ಕೋಣೆಯಲ್ಲಿ ವಿದ್ಯೆಗೆ ಬರವಿರಲಿಲ್ಲ. ಬರವಿದ್ದದ್ದು ‘ಇದು ನನ್ನ ಹೊಟ್ಟೆಗೆ ಬೀಳುವ ಪೆಟ್ಟು, ನಾನು ಒಪ್ಪೆ’ ಎನ್ನುವ ಒಬ್ಬ ಮನುಷ್ಯನಿಗೆ.

ಈಗ ನಮ್ಮ ಬೆಟ್ಟಕ್ಕೆ ಬರೋಣ. 1974ರಲ್ಲಿ ಇದು ಅಭಯಾರಣ್ಯವಾಯಿತು. ಸೋಲಿಗರ ಬೇಟೆ ನಿಂತಿತು, ಕಾಡು ಕಡಿದು ರಾಗಿ ಚೆಲ್ಲುವ ಬೇಸಾಯ ನಿಂತಿತು. ಕಾಡಿನೊಳಗೆ ಚದುರಿಕೊಂಡಿದ್ದ ಪೋಡುಗಳನ್ನು ರಸ್ತೆಯ ಕಡೆಗೆ ತಂದು ಕೂಡಿಸಿದರು. ಆಮೇಲೆ ಉಳಿದ ಜೀವನಾಧಾರವೆಂದರೆ ಕೂಲಿ ಮತ್ತು ಕಾಡಿನ ಕಿರು ಉತ್ಪನ್ನ: ಹೆಜ್ಜೇನು, ನೆಲ್ಲಿ, ಸೀಗೆ, ಅಂಟುವಾಳ, ಅಳಲೆ, ಕಲ್ಲುಹೂವು. ಇವನ್ನು ಕಂಟ್ರಾಕ್ಟರ ಕೈಯಿಂದ ಬಿಡಿಸಿ ಸೋಲಿಗರದೇ ಸಂಘದ ಮೂಲಕ ಮಾರಬೇಕೆಂದು ಸರ್ಕಾರ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳನ್ನು ಕಟ್ಟಿತು. ಜನರ ಬಾಯಲ್ಲಿ ಅದು ‘ಲ್ಯಾಂಪ್ಸ್’. ಕಂಪನಿಗಳು ಇನ್ನೂ ಕನಸು ಕಾಣದಿದ್ದ ಏರ್ಪಾಡು ಇದು: ಸದಸ್ಯರು ಸೋಲಿಗರು, ಆರಿಸಿ ಬಂದ ನಿರ್ದೇಶಕರು ಸೋಲಿಗರು, ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಓಟು.

ಆದರೆ ಕಡತ, ಬೀಗದ ಕೈ, ಲೆಕ್ಕದ ಪುಸ್ತಕ ಇವು ಸರ್ಕಾರದಿಂದ ಬಂದ ಕಾರ್ಯದರ್ಶಿಯ ಬಳಿ. ಏನು ಸಂಗ್ರಹಿಸಬಹುದು, ಎಷ್ಟಕ್ಕೆ ಎಂಬುದು ಅರಣ್ಯ ಇಲಾಖೆಯ ಅಪ್ಪಣೆ. ನಿರ್ದೇಶಕರು ಮೇಜಿನ ಸುತ್ತ ಕೂತಿದ್ದರು, ಸಂದೇಹವಿಲ್ಲ. ಓದು ಬಾರದಿದ್ದವರು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಬೇಕಿತ್ತು. ಕುರ್ಚಿ ಕೊಡುವುದು ಸುಲಭ. ಕಡತ ಕೊಡುವುದೇ ಕಷ್ಟ ಎಂಬುದನ್ನು ನಾನು ಕಲಿತದ್ದು ಇಲ್ಲಿಂದ.

ಅವರ ಮಾತನ್ನು ಕೇಳದಿದ್ದರೆ ನಷ್ಟ ಅವರಿಗೊಬ್ಬರಿಗೇ ಅಲ್ಲ. ಬೇಸಿಗೆಯ ಆರಂಭದಲ್ಲಿ ಒಣ ಎಲೆಗೆ ಸಣ್ಣ ಬೆಂಕಿ ಹಚ್ಚುವುದು ಸೋಲಿಗರ ಹಳೆಯ ಪದ್ಧತಿ. ಅದಕ್ಕೆ ತರಗು ಬೆಂಕಿ ಎಂದು ಹೆಸರು. ಅಭಯಾರಣ್ಯದ ಕಾನೂನಿನಲ್ಲಿ ಬೆಂಕಿ ಅಪರಾಧ, ಹಾಗಾಗಿ ನಿಂತಿತು. ಬೆಂಕಿ ನಿಂತದ್ದರಿಂದ ಲಂಟಾನ ಹಬ್ಬಿತು, ನೆಲ್ಲಿಮರಕ್ಕೆ ಉಪ್ಪಿಲು, ಎಂದರೆ ಬಂದಳಿಕೆ, ಹತ್ತಿ ಮರ ಸಾಯುತ್ತಿದೆ ಎಂದು ಹಿರಿಯ ಸೋಲಿಗರು ಹೇಳುತ್ತಲೇ ಬಂದರು. ಹಾಗೆ ಹೇಳಿದ್ದು ಯಾವ ನಡಾವಳಿ ಪುಸ್ತಕಕ್ಕೂ ಏರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಕಾಡಿನಲ್ಲಿ ಅಳೆದು ನೋಡಿದಾಗ, 1997ರಿಂದ 2008ರೊಳಗೆ ಲಂಟಾನ ಹರಡಿದ ಜಾಗ ಸುಮಾರು ಇಮ್ಮಡಿಯಾಗಿತ್ತು. ಸೋಲಿಗರ ಮಾತಿನಲ್ಲಿ ತಿರುಳಿದೆ ಎಂದು ವಿಜ್ಞಾನದ ಪತ್ರಿಕೆಗಳಲ್ಲಿ ಬರೆದರು. ಬೇರೆ ಬೇರೆ ತರಹದ ಜನ ಮೇಜಿನ ಸುತ್ತ ಇರಬೇಕು ಎನ್ನುವುದು ದಯೆಯ ಮಾತಲ್ಲ. ಒಬ್ಬರಿಗೆ ಕಾಣುವುದು ಇನ್ನೊಬ್ಬರಿಗೆ ಕಾಣುವುದಿಲ್ಲ, ಅಷ್ಟೇ.

2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು. ಅದರ ಬಲದಿಂದ 2006ರಲ್ಲಿ ಇಲ್ಲಿ ಮಾರಾಟಕ್ಕೆ ಕಿರು ಉತ್ಪನ್ನ ತೆಗೆಯುವುದನ್ನು ನಿಲ್ಲಿಸಿದರು. ಎಲ್ಲೋ ಒಂದು ಕೋಣೆಯಲ್ಲಿ ಬರೆದ ಸಾಲು, ಪೋಡಿನ ಒಲೆಗೆ ನೀರು ಹೊಯ್ದಿತು. ವಿಚಿತ್ರವೆಂದರೆ ಅದೇ 2006ರ ಕೊನೆಯಲ್ಲಿ ಪಾರ್ಲಿಮೆಂಟು ಅರಣ್ಯ ಹಕ್ಕು ಕಾಯ್ದೆಯನ್ನೂ ಒಪ್ಪಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಕಾಡಿನ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ಇಡೀ ದೇಶಕ್ಕೆ ಮೊದಲಿಗರು ಇವರೇ.

ಈ ಕಾಯ್ದೆಯ ನಿಯಮಗಳಿಗೆ 2012ರಲ್ಲಿ ಬಂದ ತಿದ್ದುಪಡಿಯಲ್ಲಿ ಒಂದು ಮಾತಿದೆ, ಓದಿದಾಗ ನನಗೆ ಬಹಳ ಹಿಡಿಸಿತು. ಗ್ರಾಮಸಭೆಗೆ ಕೋರಂ ಆಗಬೇಕಾದರೆ ಸದಸ್ಯರಲ್ಲಿ ಅರ್ಧದಷ್ಟು ಜನ ಬಂದಿರಬೇಕು, ಬಂದವರಲ್ಲಿ ಮೂರನೆಯ ಒಂದು ಭಾಗವಾದರೂ ಹೆಂಗಸರಿರಬೇಕು. ಇಲ್ಲದಿದ್ದರೆ ಅದು ಸಭೆಯೇ ಅಲ್ಲ. ಸಾವಿರಾರು ಕೋಟಿಯ ಕಂಪನಿಗೆ ಒಬ್ಬಳು ಸಾಕು ಎಂದ ನಾಡಿನಲ್ಲೇ, ಪೋಡಿನ ಜಗಲಿಯ ಮೇಲಿನ ಸಭೆಗೆ ಇಷ್ಟು ದೊಡ್ಡ ನಿಯಮ! ಯಾವುದು ಮುಂದುವರಿದದ್ದು, ಯಾವುದು ಹಿಂದುಳಿದದ್ದು, ನೀವೇ ಹೇಳಿ.

ಹೊಣೆಗಾರಿಕೆಯ ಶೇಕಡಾ 2ರ ವಿಚಾರಕ್ಕೂ ಇದೇ ಅಳತೆಗೋಲು. ನಮ್ಮ ಶಾಲೆಗೆ ಒಮ್ಮೆ ಒಂದು ಕಂಪನಿಯವರು ಕಂಪ್ಯೂಟರುಗಳನ್ನು ಕೊಟ್ಟರು. ಬಣ್ಣದ ಬ್ಯಾನರು, ಫೋಟೋ, ಸಿಹಿ ಹಂಚಿಕೆ ಎಲ್ಲ ಆಯಿತು. ಬಂದವರು ಒಳ್ಳೆಯ ಹುಡುಗರು, ಕೆಟ್ಟ ಮನಸ್ಸಿನವರಲ್ಲ. ಆಮೇಲೆ ಶಾಲಾಭಿವೃದ್ಧಿ ಸಮಿತಿಯ ಸಭೆ ಕೂಡಿತು. ಶಿಕ್ಷಣ ಹಕ್ಕು ಕಾಯ್ದೆಯಂತೆ ಆ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಹೆಂಗಸರು. ನಾಲ್ಕು ಸಭೆಗಳಲ್ಲಿ ಬಾಯಿ ಬಿಡದೆ ಕೂತಿದ್ದ ಸೋಲಿಗರ ತಾಯಿಯೊಬ್ಬಳು ಪೆಟ್ಟಿಗೆಗಳನ್ನು ನೋಡಿ ಕೇಳಿದಳು: ‘ಇವಕ್ಕೆ ಮೇವು ಹಾಕೋರು ಯಾರು?’ ಎಲ್ಲರೂ ನಕ್ಕೆವು. ಅವಳು ನಗಲಿಲ್ಲ. ‘ಹಸ ಕೊಟ್ಟೋರು ಮೇವು ಕೊಡಾಕಿಲ್ಲ. ನಮ್ಮ ಮಕ್ಕಳಿಗೆ ಕುಡಿಯಾಕೆ ನೀರು ಮೊದಲು’ ಎಂದಳು. ಕರೆಂಟಿನ ಬಿಲ್ಲು, ರಿಪೇರಿ, ಹೇಳಿಕೊಡುವ ಮೇಷ್ಟರು, ಇದು ಯಾವುದೂ ಕೊಟ್ಟವರ ಪಟ್ಟಿಯಲ್ಲಿರಲಿಲ್ಲ. ನೀರಿನ ತೊಟ್ಟಿಯ ವಿಚಾರ ಆ ದಿನ ನಡಾವಳಿಗೆ ಏರಿತು, ಮರುವರ್ಷ ಪಂಚಾಯಿತಿಯಿಂದ ತೊಟ್ಟಿಯೂ ಬಂತು. ಕಂಪ್ಯೂಟರುಗಳು ಬಹುಕಾಲ ಬಟ್ಟೆ ಹೊದ್ದು ಮಲಗಿದ್ದವು.

ಕೊಡುವವನೇ ಏನು, ಎಷ್ಟು, ಯಾವಾಗ ಎಂದು ತೀರ್ಮಾನಿಸಿದರೆ ಅದು ದಾನ. ದಾನ ಒಳ್ಳೆಯದೇ, ನಾನು ಅದನ್ನು ಹಳಿಯುವುದಿಲ್ಲ. ಆದರೆ ಅದನ್ನು ಹೊಣೆ ಎಂದು ಕರೆಯಬಾರದು. ಹೊಣೆ ಎಂದರೆ ಇನ್ನೊಬ್ಬರು ಕೇಳುವುದಕ್ಕೆ ಉತ್ತರ ಕೊಡಬೇಕಾದ ಕಟ್ಟುಪಾಡು. ಕೇಳುವವರು ಕೋಣೆಯಲ್ಲೇ ಇಲ್ಲದಿದ್ದರೆ ಉತ್ತರ ಯಾರಿಗೆ? ಲಾಭ ಮಾಡುವಾಗ ನೀರು ಯಾರದು, ನೆಲ ಯಾರದು, ಬೆವರು ಯಾರದು ಎಂದು ಕೇಳದೆ, ಲಾಭ ಬಂದ ಮೇಲೆ ನೂರರಲ್ಲಿ ಎರಡನ್ನು ತೆಗೆದಿಟ್ಟರೆ ಉಳಿದ ತೊಂಬತ್ತೆಂಟಕ್ಕೆ ಹೊಣೆ ಯಾರು?

ಬಡವರು ಮೇಜಿಗೆ ಬಂದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗುತ್ತದೆ ಎಂಬ ಭ್ರಮೆ ನನಗಿಲ್ಲ. ಅವರಲ್ಲೂ ಆಸೆಬುರುಕರುಂಟು, ಹೆಂಗಸರಲ್ಲೂ ಹೂಂಗುಟ್ಟುವವರುಂಟು. ಜಾತಿ ನೋಡಿಯೋ ಸೀರೆ ನೋಡಿಯೋ ಒಳಗೆ ಕರೆದು, ಮಾತಾಡಿದರೆ ಮುಖ ಗಂಟಿಕ್ಕುವ ಸಭೆಗಳಂತೂ ಬೇಕಾದಷ್ಟು. ಎಂತಲೇ ನಾನು ಕೇಳುವುದು ಎಷ್ಟು ಜನ ಕೂತಿದ್ದಾರೆ ಎಂದಲ್ಲ. ಕಡತ ಅವರ ಭಾಷೆಯಲ್ಲಿದೆಯೇ, ‘ಬೇಡ’ ಎಂದರೆ ಅದನ್ನು ಬರೆದುಕೊಳ್ಳುತ್ತಾರೆಯೇ, ಬೇಡ ಎಂದವರಿಗೆ ಮುಂದಿನ ಸಭೆಗೂ ಕರೆ ಹೋಗುತ್ತದೆಯೇ, ಈ ಮೂರನ್ನು.

ಬೆಟ್ಟದ ಸೋಲಿಗರ ಕಥೆಯೊಂದಿದೆ. ರಂಗನಾಥಸ್ವಾಮಿ ಅವರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನಂತೆ. ಹಾಗಾಗಿ ಜಗತ್ತಿಗೆಲ್ಲ ದೇವರಾದವನು ಅವರಿಗೆ ರಂಗಭಾವ. ಭಕ್ತ ದೇವರಿಂದ ವರ ಬೇಡುತ್ತಾನೆ. ಭಾವಮೈದುನನಾದರೋ ಮನೆಯೊಳಗೆ ನಡೆದು ಬರುತ್ತಾನೆ, ತಮಾಷೆ ಮಾಡುತ್ತಾನೆ, ನಮ್ಮ ಹುಡುಗಿಯನ್ನು ಹೇಗೆ ನೋಡಿಕೊಂಡಿದ್ದೀಯ ಎಂದು ಲೆಕ್ಕವನ್ನೂ ಕೇಳುತ್ತಾನೆ. ಕೊಡುವವರಿಗೂ ಪಡೆಯುವವರಿಗೂ ನಡುವೆ ಇಂಥದೊಂದು ನಂಟು ಸಾಧ್ಯವೆಂದು ಕಾಡಿನ ಜನ ಎಂದೋ ಕಂಡುಕೊಂಡಿದ್ದಾರೆ. ದೇವರೇ ಲೆಕ್ಕ ಕೊಡಲು ಸಿದ್ಧನಿರುವಾಗ, ಕಂಪನಿಗಳ ದೊಡ್ಡವರಿಗೆ ಸಂಕೋಚವೇಕೋ ನನಗೆ ತಿಳಿಯದು.