ನೋಟದ ಋಣ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಕೋಶ ಓದುವವನ ವಿಚಾರದಲ್ಲಿ ನೀತಿಯ ತೊಡಕು ಹೆಚ್ಚಿಲ್ಲ. ಪುಸ್ತಕವನ್ನು ಯಾರಾದರೂ ಓದಲೆಂದೇ ಬರೆದಿರುತ್ತಾರೆ. ಹಿಡಿಸಿದರೆ ಓದುತ್ತೇವೆ, ಹಿಡಿಸದಿದ್ದರೆ ಮುಚ್ಚಿಡುತ್ತೇವೆ. ಅದರಿಂದ ಪುಸ್ತಕಕ್ಕೆ ನಾಚಿಕೆಯೂ ಆಗದು, ನೋವೂ ಆಗದು. ದೇಶ ಸುತ್ತುವವನ ಪಾಡು ಹಾಗಲ್ಲ. ಅವನು ನೋಡಹೋಗುವ ಊರನ್ನು ಅವನು ಬಂದು ನೋಡಲಿ ಎಂದು ಯಾರೂ ಕಟ್ಟಲಿಲ್ಲ. ಅಲ್ಲಿ ಜನ ಹುಟ್ಟಿದ್ದಾರೆ, ಸಂಸಾರ ಮಾಡಿದ್ದಾರೆ, ಸಾಲ ಮಾಡಿದ್ದಾರೆ, ಸತ್ತಿದ್ದಾರೆ. ಅಂಥ ಕಡೆಗೆ ಒಂದು ದಿನದ ಮಟ್ಟಿಗೆ ಹೋಗಿ, ಕಣ್ತುಂಬ ನೋಡಿ, ಹಿಂದಿರುಗುವ ನಮಗೂ ಆ ಊರಿನವರಿಗೂ ಏನು ಸಂಬಂಧ? ನೋಡಿದ್ದಕ್ಕಾಗಿ ನಾವು ಏನನ್ನಾದರೂ ಸಲ್ಲಿಸಬೇಕೆ? ಅಥವಾ ಕಣ್ಣಿದ್ದವನಿಗೆ ಕಂಡದ್ದೆಲ್ಲ ಪುಕ್ಕಟೆಯೆ?

ಈ ಪ್ರಶ್ನೆಯನ್ನು ಯೋಚಿಸುವುದಕ್ಕೆ ಕಾಶಿ ರಾಮೇಶ್ವರಗಳವರೆಗೆ ಹೋಗಬೇಕಾದ್ದಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ಲುಗಳೇ ಸಾಕು. ಬಿಡುವಿನ ದಿನ ಬೆಂಗಳೂರಿನಿಂದ ಹೊರಟ ಸಂಸಾರಗಳು ದೇವರಾಯನದುರ್ಗದ ಬೆಟ್ಟ ಹತ್ತಿ, ನಾಮದ ಚಿಲುಮೆಯಲ್ಲಿ ನೀರು ನೋಡಿ, ಸಿದ್ಧಗಂಗೆಯಲ್ಲಿ ಕೈ ಮುಗಿದು, ಕತ್ತಲಾಗುವುದರೊಳಗೆ ಮನೆ ಸೇರುತ್ತವೆ. ಮೂರು ಸ್ಥಳ ಆಯಿತು ಎಂದು ಲೆಕ್ಕ ಹಾಕುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ವಾರವೆಲ್ಲ ಕಚೇರಿಯ ಗೋಡೆ ನೋಡಿದ ಕಣ್ಣಿಗೆ ಒಂದು ಬೆಟ್ಟ ಬೇಕು. ಆದರೆ ನೋಟಗಳಲ್ಲಿ ಬಗೆಗಳಿವೆ. ಎಲ್ಲ ನೋಟಕ್ಕೂ ಒಂದೇ ಬೆಲೆಯಲ್ಲ.

ಮೊದಲು ಗುಬ್ಬಿಯನ್ನು ತೆಗೆದುಕೊಳ್ಳೋಣ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿ ವೀರಣ್ಣನವರ (1891–1972) ಕಾಲಕ್ಕೆ ಗುಬ್ಬಿ ಕಂಪನಿ ಎಂಬ ಹೆಸರಿನಿಂದ ನಾಡಿನ ಮನೆಮಾತಾಯಿತು. ಕುರುಕ್ಷೇತ್ರ ನಾಟಕದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ಅಲ್ಲಿಯ ವ್ಯವಹಾರ ನೇರವಾದದ್ದು. ನೋಡುವವನು ಟಿಕೆಟ್ಟು ಕೊಂಡ, ನೋಡಿಸಿಕೊಳ್ಳುವವನು ಬಣ್ಣ ಹಚ್ಚಿದ. ಪರದೆ ಏಳುವ ಮುಂಚೆ ನೋಡುವ ಹಕ್ಕಿಲ್ಲ, ಬಿದ್ದ ಮೇಲೆಯೂ ಇಲ್ಲ. ಭೀಮನ ಪಾತ್ರದವನು ಬಣ್ಣ ಅಳಿಸಿ ಮನೆಗೆ ನಡೆದರೆ ಅವನ ಹಿಂದೆ ಯಾರೂ ಹೋಗಿ ಅಡಿಗೆಮನೆಯಲ್ಲಿ ಇಣುಕುವುದಿಲ್ಲ. ಕೊಟ್ಟದ್ದಕ್ಕೂ ಕಂಡದ್ದಕ್ಕೂ ಅಲ್ಲಿಗೆ ಚುಕ್ತಾ.

ಆದರೆ ಅದೇ ಗುಬ್ಬಿಯ ಬೀದಿಯಲ್ಲಿ ಅಂಗಡಿ ಬಾಗಿಲು ತೆರೆಯುವ ವ್ಯಾಪಾರಿ ಬಣ್ಣ ಹಚ್ಚಿಲ್ಲ. ಜಗಲಿಯ ಮೇಲೆ ಕೂತು ಅಕ್ಕಿ ಆರಿಸುವ ಅಜ್ಜಿ ಟಿಕೆಟ್ಟು ಮಾರಿಲ್ಲ. ಹಳೆಯ ಕಾಲದ ಮನೆ ಬಹಳ ಚೆನ್ನಾಗಿದೆ ಎಂದು ನಾವು ಅವರ ಎದುರಿಗೆ ನಿಂತು ಚಿತ್ರ ತೆಗೆದರೆ, ಅವರನ್ನು ಕೇಳದೆಯೇ ಅವರಿಗೊಂದು ಪಾತ್ರ ಕೊಟ್ಟಂತಾಯಿತು. ಅವರ ಸೂರು ಸೋರುತ್ತಿರಬಹುದು. ನಮಗೆ ಮಾತ್ರ ಅದು ಅಂದವಾದ ಹಳೆಯ ಹೆಂಚು.

ಇನ್ನೊಂದು ಬಗೆಯ ನೋಟ ದೇವಸ್ಥಾನದ್ದು. ದರ್ಶನಕ್ಕೆ ಹೋಗುವವನು ದೇವರನ್ನು ನೋಡುವುದಕ್ಕೆ ಮಾತ್ರ ಹೋಗುವುದಿಲ್ಲ. ದೇವರ ಕಣ್ಣಿಗೆ ತಾನೂ ಬೀಳಲಿ ಎಂದು ಹೋಗುತ್ತಾನೆ. ಅದಕ್ಕೇ ಮಿಂದು, ಮಡಿಯುಟ್ಟು, ತಲೆ ಬಾಗಿಸುತ್ತಾನೆ. ನೋಡುವವನೂ ನೋಟಕ್ಕೆ ಒಳಗಾಗುತ್ತಾನೆ ಎಂಬುದೇ ಅಲ್ಲಿಯ ಧರ್ಮ. ತುಮಕೂರಿನ ಸಮೀಪದ ಕೈದಾಳದಲ್ಲಿ ಚೆನ್ನಕೇಶವನ ಗುಡಿಯಿದೆ. ಅದರ ಸುತ್ತ ಹೆಣೆದಿರುವ ಜಕಣಾಚಾರಿಯ ಕಥೆ ನಮಗೆಲ್ಲ ಗೊತ್ತು. ಮಹಾಶಿಲ್ಪಿ ಬೇಲೂರಿನಲ್ಲಿ ಕಡೆದ ವಿಗ್ರಹದ ಕಲ್ಲಿನೊಳಗೆ ಕಪ್ಪೆಯಿದೆ ಎಂದು ಒಬ್ಬ ಹುಡುಗ ಹೇಳಿದ. ಪಣ ತೊಟ್ಟ ಶಿಲ್ಪಿ, ಆ ಮಾತು ನಿಜವಾದಾಗ ತನ್ನ ಬಲಗೈಯನ್ನೇ ಕಡಿದುಕೊಂಡ. ಹುಡುಗ ತನ್ನ ಮಗನೇ ಎಂದು ಆಮೇಲೆ ತಿಳಿಯಿತು. ಮುಂದೆ ಈ ಊರಿನಲ್ಲಿ ಕೇಶವನಿಗೆ ಗುಡಿ ಕಟ್ಟಿ ಕೈಯನ್ನು ಮರಳಿ ಪಡೆದ, ಊರು ಕೈದಾಳವಾಯಿತು. ಇದು ಚರಿತ್ರೆಯಲ್ಲ, ಐತಿಹ್ಯ. ಗುಡಿಯನ್ನು ಹೊಯ್ಸಳರ ಸಾಮಂತನಾದ ಗೂಳೆ ಬಾಚಿ 1150ರ ಸುಮಾರಿಗೆ ಕಟ್ಟಿಸಿದನೆಂದು ತಿಳಿಯುವುದು ಶಾಸನದಿಂದ. ಆದರೂ ಕಥೆಯಲ್ಲಿ ಒಂದು ತತ್ತ್ವವಿದೆ. ಕಲ್ಲನ್ನು ವರ್ಷಗಟ್ಟಲೆ ಮುಟ್ಟಿ ಬಲ್ಲವನಿಗೇ ಅದರೊಳಗಿನ ಜೀವ ಕಾಣಲಿಲ್ಲ. ಅರ್ಧ ಗಂಟೆಯಲ್ಲಿ ಪ್ರದಕ್ಷಿಣೆ ಮುಗಿಸುವ ನಾವು ಎಲ್ಲ ನೋಡಿಯಾಯಿತು ಎಂದರೆ ಆ ಮಾತಿಗೆ ತೂಕವೆಷ್ಟು?

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಪ್ಪೆಯನ್ನು ಕಂಡವನು ಹೊರಗಿನಿಂದ ಬಂದ ಹುಡುಗನಲ್ಲವೆ? ಊರಿನವರಿಗೆ ಹಿತ್ತಲ ಗಿಡ ಮದ್ದಲ್ಲ. ಪರಸ್ಥಳದವನು ಬಂದು ಕೊಂಡಾಡಿದ ಮೇಲೆಯೇ ನಮಗೆ ನಮ್ಮ ಊರಿನ ಬೆಲೆ ತಿಳಿಯುವುದು. ಈ ಮಾತು ನಿಜ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ 12ನೆಯ ಸಂಪುಟ, 1904ರಲ್ಲಿ ಪ್ರಕಟವಾದದ್ದು, ತುಮಕೂರು ಜಿಲ್ಲೆಯ ಶಾಸನಗಳದ್ದು. ನೂರಾರು ಕಲ್ಲುಗಳ ಮಾತು ಉಳಿದು ನಮ್ಮ ಕೈಗೆ ಬಂದದ್ದು ಅಂಥ ಕೆಲಸದಿಂದ. ಆದರೆ ಆ ನೋಟ ಎಂಥದು ಎಂಬುದನ್ನೂ ಗಮನಿಸಬೇಕು. ಲಿಪಿ ಕಲಿತು, ಅಕ್ಷರ ಬಿಡಿಸಿ, ಅರ್ಥ ಬರೆದು, ಕಂಡದ್ದನ್ನು ಕಂಡ ನಾಡಿಗೇ ಒಪ್ಪಿಸಿದ ನೋಟ ಅದು. ಹೊರಗಿನವನ ಕಣ್ಣು ದೋಷವಲ್ಲ. ಕೊಂಡುಹೋಗುವುದನ್ನು ಮಾತ್ರ ಬಲ್ಲ ಕಣ್ಣು ದೋಷ.

ಕುಣಿಗಲ್ಲಿಗೆ ಬರೋಣ. ಅಲ್ಲಿಯ ದೊಡ್ಡ ಕೆರೆಯನ್ನು ಕಾಣದವರೂ ಅದರ ಹಾಡನ್ನು ಬಲ್ಲರು. ಚಂದ್ರ ಮೂಡುವ ಹೊತ್ತಿನ ಕೆರೆಯನ್ನೂ ನೋಡುವವರ ಸುಖವನ್ನೂ ಹೇಳುವ ಆ ಜನಪದ ಗೀತೆಯನ್ನು ಶಾಲೆಯ ಮಕ್ಕಳು ಹಾಡುತ್ತಾರೆ. ಹಾಡು ಕೇಳಿ ಹೋದವನು ಮಳೆ ಕೈಕೊಟ್ಟ ವರ್ಷ ಏರಿಯ ಮೇಲೆ ನಿಂತು, ಅಷ್ಟೇನಾ ಎನ್ನುತ್ತಾನೆ. ನೀರು ಇಳಿದ ಕೆರೆ ಅವನಿಗೆ ಒಂದು ಸಂಜೆಯ ನಿರಾಶೆ. ಕೆಳಗೆ ಗದ್ದೆಯಿರುವವನಿಗೆ ಅದು ಇಡೀ ವರ್ಷದ ಅನ್ನದ ಪ್ರಶ್ನೆ. ಇಬ್ಬರೂ ನೋಡುತ್ತಿರುವುದು ಒಂದೇ ಕೆರೆಯನ್ನು.

ಹಾಡು ಕಟ್ಟಿದ ಊರು ನಮ್ಮಲ್ಲಿ ಮಾತ್ರವಲ್ಲ, ಭೂಮಿಯ ಆಚೆ ಬದಿಯಲ್ಲೂ ಇದೆ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಲಾ ಬೋಕಾ ಎಂಬುದೊಂದು ಕೇರಿ. ಹಡಗುಕಟ್ಟೆಯ ಮಗ್ಗುಲಲ್ಲಿ ಇಟಲಿಯಿಂದ ವಲಸೆ ಬಂದ ಬಡವರು ತಗಡಿನ ಮನೆ ಕಟ್ಟಿಕೊಂಡು, ಹಡಗಿಗೆ ಬಳಿದು ಉಳಿದ ಬಣ್ಣವನ್ನು ಬಳಿದುಕೊಂಡಿದ್ದರಂತೆ. ಅಲ್ಲಿಯ ಒಂದು ಓಣಿಗೆ 1926ರ ಕಾಮಿನಿಟೊ ಎಂಬ ಟ್ಯಾಂಗೊ ಹಾಡಿನ ಹೆಸರು ಬಂತು; 1959ರಲ್ಲಿ ಅದು ಬಯಲು ವಸ್ತುಸಂಗ್ರಹಾಲಯವಾಯಿತು. ಈಗ ನಾನಾ ದೇಶದ ಜನ ಬಂದು ಆ ಬಣ್ಣದ ತಗಡುಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಬಡತನದ ಉಪಾಯವಾಗಿದ್ದದ್ದು ಕಣ್ಣಿನ ಹಬ್ಬವಾಯಿತು. ಆ ಓಣಿಗೆ ರೂಪ ಕೊಡಿಸಿದವನು ಅದೇ ಕೇರಿಯಲ್ಲಿ ಬೆಳೆದ ಅನಾಥ ಹುಡುಗ, ಚಿತ್ರಕಾರ ಬೆನಿಟೊ ಕಿಂಕೆಲಾ ಮಾರ್ಟಿನ್. ಬಂದರಿನ ಕೂಲಿಗಳನ್ನು ನೋಡಿ ನೋಡಿ ಬರೆದು ಹೆಸರು ಗಳಿಸಿದವನು. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಅದೇ ಕೇರಿಯ ಮಕ್ಕಳ ಶಾಲೆಗೆ ಜಾಗ ಕೊಟ್ಟ. 1936ರಲ್ಲಿ ಶಾಲೆ ತೆರೆಯಿತು. ಯಾರನ್ನು ನೋಡಿ ತನ್ನ ಕಣ್ಣು ಬದುಕಿತೋ ಅವರ ಮಕ್ಕಳಿಗೆ ಅಕ್ಷರ ಕೊಡಿಸಿದ. ನೋಟಕ್ಕೂ ಋಣವಿದೆ ಎಂಬುದನ್ನು ಅವನು ಬಲ್ಲ.

ಇಷ್ಟು ದೂರ ಹೋಗಿ ತಿಳಿದದ್ದು ತುಮಕೂರಿನ ಹೊರವಲಯದಲ್ಲೇ ಇದೆ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಅನ್ನ, ವಸತಿ, ವಿದ್ಯೆಗಳನ್ನು ಪಡೆಯುತ್ತಾರೆ. ಶಿವಕುಮಾರ ಸ್ವಾಮಿಗಳು (1907–2019) ತಮ್ಮ ದೀರ್ಘ ಜೀವಿತದಲ್ಲಿ ಬೆಳೆಸಿದ ದಾಸೋಹ ಅದು. ಅಲ್ಲಿಯ ಸಾಮೂಹಿಕ ಪ್ರಾರ್ಥನೆಯಲ್ಲಿ ಸಾಲುಸಾಲಾಗಿ ಕುಳಿತ ಮಕ್ಕಳನ್ನು ನೋಡಿ ಮನಸ್ಸು ತುಂಬಿ ಬರದವರು ಕಡಿಮೆ. ಆದರೂ ಒಂದು ಕ್ಷಣ ಆ ಸಾಲಿನಲ್ಲಿ ಕುಳಿತ ಹುಡುಗನಾಗಿ ಯೋಚಿಸಬೇಕು. ತಂದೆತಾಯಿಗಳನ್ನು ಹಳ್ಳಿಯಲ್ಲಿ ಬಿಟ್ಟು ಬಂದವನು. ಅವನ ತಟ್ಟೆಯನ್ನು, ಅವನ ಮುಖವನ್ನು, ಪಟ್ಟಣದಿಂದ ಬಂದವರು ಕೈಯಲ್ಲಿ ಮೊಬೈಲು ಹಿಡಿದು ನೋಡುತ್ತಾರೆ. ಪಾಪ ಎನ್ನುತ್ತಾರೆ. ಅವರ ಕರುಣೆ ಸುಳ್ಳಲ್ಲ. ಆದರೆ ಹುಡುಗ ಓದಲು ಬಂದವನೇ ಹೊರತು ಯಾರ ಕರುಣೆಗೂ ದೃಶ್ಯವಾಗಲು ಬಂದವನಲ್ಲ.

ಈ ಸಂಕಟಕ್ಕೆ ಪರಿಹಾರವೂ ಅದೇ ಮಠದಲ್ಲಿ ಇದೆ. ದಾಸೋಹದಲ್ಲಿ ಬಂದ ಭಕ್ತರಿಗೂ ಪ್ರಸಾದ ಉಂಟು. ನಿಂತು ನೋಡುತ್ತಿದ್ದವನು ನೆಲದ ಮೇಲೆ ಕೂತು, ಆ ಮಕ್ಕಳು ಉಂಡ ಒಲೆಯ ಅನ್ನವನ್ನೇ ಉಂಡ ಗಳಿಗೆಗೆ ಅವನ ಸ್ಥಾನ ಬದಲಾಗುತ್ತದೆ. ಅನ್ನ ತಿಂದವನು ಪ್ರೇಕ್ಷಕನಲ್ಲ, ಋಣಸ್ಥ. ಹುಡುಗನೂ ಅವನೂ ಈಗ ಒಂದೇ ಪಂಕ್ತಿಯವರು. ಪಾಪ ಎನ್ನುವ ಎತ್ತರ ಅವನಿಗೆ ಉಳಿಯುವುದಿಲ್ಲ. ಮನೆಗೆ ಹೋದ ಮೇಲೆ ಅಕ್ಕಿಯ ಮೂಟೆಯನ್ನೋ ಪುಸ್ತಕದ ಹಣವನ್ನೋ ಕಳಿಸಿದರೆ ಅದು ದಾನವಾಗದೆ ಸಾಲ ತೀರಿಸಿದಂತಾಗುತ್ತದೆ.

ಎಲ್ಲ ಊರಿನಲ್ಲೂ ದಾಸೋಹವಿಲ್ಲ ನಿಜ. ಆದರೆ ಎಲ್ಲ ಊರಿನಲ್ಲೂ ಒಂದು ಪ್ರಶ್ನೆ ಇದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಹೊಸಬರನ್ನು ಕಂಡರೆ, ಯಾವೂರಾಯ್ತು ಸ್ವಾಮಿ, ಯಾರ ಪೈಕಿ ಎಂದು ಕೇಳುತ್ತಾರೆ. ಪಟ್ಟಣದವರು ಇದನ್ನು ಅಧಿಕಪ್ರಸಂಗ ಎಂದುಕೊಳ್ಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ನೀನು ನಮ್ಮನ್ನು ನೋಡುತ್ತಿದ್ದೀಯೆ, ನಾವೂ ನಿನ್ನನ್ನು ಒಂದಿಷ್ಟು ನೋಡುತ್ತೇವೆ ಎಂಬ ನ್ಯಾಯ ಆ ಮಾತಿನಲ್ಲಿದೆ. ನಿಂತು ಉತ್ತರ ಕೊಡುವುದು, ಕೊಟ್ಟ ಮಜ್ಜಿಗೆ ಕುಡಿಯುವುದು, ಚಿತ್ರ ತೆಗೆಯುವ ಮೊದಲು ಕೇಳುವುದು, ಬೇಡ ಎಂದರೆ ಬಿಡುವುದು, ಊರಿಗೆ ಮರಳಿದ ಮೇಲೆ ಕಂಡಷ್ಟನ್ನೇ ಹೇಳುವುದು: ಇವು ಸಣ್ಣ ಕಂತುಗಳು. ಸಂದೇಹ ಬಂದಾಗ ಪರೀಕ್ಷೆಯೂ ಸುಲಭ. ಲಾ ಬೋಕಾದ ಯಾತ್ರಿಕನೊಬ್ಬ ನಮ್ಮ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತಿರುವ ತಾಯಿಯ ಚಿತ್ರವನ್ನು ಹೇಳದೆ ಕೇಳದೆ ತೆಗೆದರೆ ನಮಗೆ ಹೇಗನ್ನಿಸೀತು?

ನಮ್ಮ ಭಾಷೆಯಲ್ಲಿ ನೋಡುವುದು ಎಂಬ ಮಾತಿದೆ. ಅದರ ಪಕ್ಕದಲ್ಲೇ ನೋಡಿಕೊಳ್ಳುವುದು ಎಂಬ ಮಾತೂ ಇದೆ. ಮಗುವನ್ನು, ಮುದುಕರನ್ನು, ತೋಟವನ್ನು ನೋಡಿಕೊಳ್ಳುತ್ತೇವೆ. ಕಣ್ಣಿನ ಕೆಲಸ ಎಲ್ಲಿ ಮುಗಿದು ಹೊಣೆ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಕನ್ನಡ ಬಹಳ ಹತ್ತಿರ ಹತ್ತಿರ ಇಟ್ಟಿದೆ. ಊರು ನೋಡಿಕೊಂಡು ಬಂದೆ ಎಂದು ಹೇಳುವಾಗ ಆ ಎರಡನೆಯ ಅರ್ಥವೂ ನಮ್ಮ ಕಿವಿಗೆ ಬಿದ್ದರೆ ಸಾಕು.