ಬಿರುಮಳೆಯ ಬೆನ್ನು ಹತ್ತಿ

ಗುಡುಗು ಮಿಂಚು ಶುರುವಾಯಿತೆಂದರೆ ನಮ್ಮ ಅಜ್ಜಿಯರು ಕನ್ನಡಿಗೆ ಬಟ್ಟೆ ಹೊದಿಸುತ್ತಿದ್ದರು. ಗರಿಗಳ ಭಾನುವಾರ ತಂದ ಗರಿಯ ಒಂದು ತುಣುಕನ್ನು ಕೆಂಡದ ಮೇಲೆ ಹಾಕಿ, ಜಪಸರ ಹಿಡಿದು ಕೂರುತ್ತಿದ್ದ ಮನೆಗಳೂ ಇದ್ದವು. ಈಗ ಅವರ ಮರಿಮಕ್ಕಳು ಅದೇ ಮಿಂಚನ್ನು ಮೊಬೈಲಿನಲ್ಲಿ ಹಿಡಿಯಲು ಬೈಕ್ ಏರಿ ದೇವರಾಯನದುರ್ಗಕ್ಕೆ ಓಡುತ್ತಾರೆ. "ಇದು ದೇವರನ್ನು ಪರೀಕ್ಷಿಸಿದ ಹಾಗಲ್ಲವೇ? ಪಾಪವಲ್ಲವೇ?" ಎಂದು ತುಮಕೂರಿನ ತಾಯಿಯೊಬ್ಬರು ಕೇಳಿದರು.

ನೋಡುವುದೇ ಪಾಪವೆನ್ನಲು ಪವಿತ್ರ ಗ್ರಂಥದಲ್ಲಿ ಆಧಾರ ಸಿಗದು. ಸರ್ವೇಶ್ವರ ಯೋಬನೊಡನೆ ಮಾತನಾಡಿದ್ದೇ ಬಿರುಗಾಳಿಯೊಳಗಿಂದ. ಮಿಂಚು, ಆಲಿಕಲ್ಲು, ಮಳೆಗಳನ್ನು ತೋರಿಸಿಯೇ ಅವನಿಗೆ ಬುದ್ಧಿ ಹೇಳಿದರು. ಪಡುವಣದಲ್ಲಿ ಮೋಡ ಕಂಡೊಡನೆ ಮಳೆ ಬರುತ್ತದೆಂದು ಹೇಳಬಲ್ಲ ಜನರ ತಿಳಿವಳಿಕೆಯನ್ನು ಯೇಸುಸ್ವಾಮಿ ಹಳಿಯಲಿಲ್ಲ; ಅವರು ತಮ್ಮ ಕಾಲವನ್ನು ಮಾತ್ರ ಅರಿಯಲಾರರಲ್ಲ ಎಂದು ನೊಂದುಕೊಂಡರು. ನಮ್ಮ ರೈತರು ತಲೆತಲಾಂತರದಿಂದ ಆಕಾಶ ಓದಿದವರು. ಅಶ್ವಿನಿ, ಭರಣಿ, ಕೃತ್ತಿಕೆ ಎಂಬ ಮಳೆಯ ಹೆಸರುಗಳು ಕ್ರೈಸ್ತ ರೈತರ ಬಾಯಲ್ಲೂ ಇವೆ. ಏಪ್ರಿಲ್, ಮೇ ತಿಂಗಳಲ್ಲಿ ಕಾದ ನೆಲದಿಂದ ಮೇಲೇಳುವ ಗಾಳಿ ಕಡಲ ಕಡೆಯಿಂದ ಬಂದ ತೇವವನ್ನು ಎತ್ತಿಕೊಂಡು ಹತ್ತು ಕಿಲೋಮೀಟರಿಗೂ ಎತ್ತರಕ್ಕೆ ಮೋಡ ಕಟ್ಟುತ್ತದೆ. ಸಂಜೆಯ ವೇಳೆಗೆ ಗಾಳಿ, ಸಿಡಿಲು, ಕೆಲವೊಮ್ಮೆ ಆಲಿಕಲ್ಲು. ಅದನ್ನು ಕಂಡು ಬೆರಗಾಗದವನ ಭಕ್ತಿಯ ಬಗ್ಗೆಯೇ ನನಗೆ ಅನುಮಾನ.

ಆದರೆ ಬೆನ್ನಟ್ಟಿ ಹೋಗುವುದು? ಅಮೆರಿಕದ ಒಕ್ಲಹೋಮಾ, ಕಾನ್ಸಾಸ್ ಬಯಲುಗಳಲ್ಲಿ ಸುಂಟರಗಾಳಿಯ ಹಿಂದೆ ಕಾರಿನಲ್ಲಿ ಓಡುವವರ ಪಡೆಯೇ ಇದೆ. ಟಿಮ್ ಸಮಾರಸ್ ಎಂಬವರು 2003ರಲ್ಲಿ ಸೌತ್ ಡಕೋಟಾದ ಮ್ಯಾಂಚೆಸ್ಟರ್ ಎಂಬಲ್ಲಿ ಸುಂಟರಗಾಳಿಯ ದಾರಿಯಲ್ಲೇ ಉಪಕರಣ ಇಟ್ಟು, ಒಳಗೆ ವಾಯುಭಾರ 100 ಮಿಲಿಬಾರ್ ಕುಸಿದದ್ದನ್ನು ದಾಖಲಿಸಿದರು. 2013ರ ಮೇ 31ರಂದು ಎಲ್ ರೆನೊ ಬಳಿ ಅವರು, ಅವರ ಮಗ ಪಾಲ್ ಮತ್ತು ಜೊತೆಗಾರ ಕಾರ್ಲ್ ಯಂಗ್ ಮೂವರೂ ಸುಂಟರಗಾಳಿಗೆ ಸಿಕ್ಕಿ ತೀರಿಕೊಂಡರು. ಅವರನ್ನು ಹುಡುಗಾಟದವರೆನ್ನಲು ನನಗೆ ಮನಸ್ಸಿಲ್ಲ. ಗಾಳಿಯ ಒಳಗನ್ನು ಅಳೆದವರಿಲ್ಲದೆ ಜನರಿಗೆ ಮುನ್ನೆಚ್ಚರಿಕೆ ಕೊಡುವ ವಿದ್ಯೆ ಬೆಳೆಯದು. ನಮ್ಮಲ್ಲೂ 2017ರಲ್ಲಿ 'ವರ್ಷಧಾರೆ' ಯೋಜನೆಯಡಿ ಜಕ್ಕೂರಿನಿಂದ ವಿಮಾನ ಹಾರಿಸಿ ಮೋಡಗಳನ್ನು ಹುಡುಕಿಕೊಂಡು ಹೋಗಿದ್ದರು. ಬರದಿಂದ ಬೆಂದ ನಾಡಿಗೆ ಮಳೆ ಬೇಕಾಗಿತ್ತು.

1992ರಲ್ಲಿ ಹೊರಬಂದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪ್ರಾಣವನ್ನು ನಮ್ಮ ಸ್ವಂತ ಆಸ್ತಿ ಎನ್ನುವುದಿಲ್ಲ. ನಾವು ಅದರ ಪಾಲಕರು ಮಾತ್ರ. ವೇಗದ ಮೋಹದಿಂದ ತನ್ನ ಮತ್ತು ಇತರರ ಜೀವವನ್ನು ಅಪಾಯಕ್ಕೆ ಒಡ್ಡುವುದನ್ನು ಅದು ಗಂಭೀರ ತಪ್ಪೆಂದೇ ಎಣಿಸುತ್ತದೆ. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಬೈಕ್ ಹಿಡಿದು ಗುಡ್ಡ ಹತ್ತುವ ಮಗನಿಗೆ ತಾಯಂದಿರು ಇದನ್ನು ಧಾರಾಳವಾಗಿ ಹೇಳಬಹುದು. ನಮ್ಮ ದೇಶದಲ್ಲಿ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ ಎಂಬುದನ್ನೂ ಸೇರಿಸಿ ಹೇಳಲಿ.

ಇಷ್ಟು ಹೇಳಿದರೂ ಪ್ರಶ್ನೆ ಪೂರ್ತಿ ಬಗೆಹರಿಯುವುದಿಲ್ಲವೆಂದು ನನಗೆ ಅನ್ನಿಸಿದ್ದು ಒಂದು ಭರಣಿ ಮಳೆಯ ದಿನ. ಅಣ್ಣನ ಮಗ ಕಾಲೇಜಿನಲ್ಲಿ ಓದುವವನು. "ಚಿಕ್ಕಪ್ಪ, ನೀವೇ ಕಾರು ಓಡಿಸಿ, ಆಗ ಅಮ್ಮ ಬೈಯಲ್ಲ" ಎಂದು ನನ್ನನ್ನು ಹೊರಡಿಸಿದ. ಮಧ್ಯಾಹ್ನ ಗುಬ್ಬಿಯ ದಿಕ್ಕಿಗೆ ಹೂಕೋಸಿನಂತೆ ಎದ್ದ ಮೋಡ, ನಾವು ಗುಬ್ಬಿ ಮುಟ್ಟುವಷ್ಟರಲ್ಲಿ ಸುರಿದು ಸೋತಿತ್ತು. ಪುಣೆಯ ಹವಾಮಾನ ವಿಜ್ಞಾನಿಗಳು ರೂಪಿಸಿದ 'ದಾಮಿನಿ' ಆ್ಯಪ್ ಹಿಡಿದು ಹುಡುಗ ಕುಣಿಗಲ್ ಕಡೆಗೆ ಬೊಟ್ಟು ಮಾಡಿದ. ಹೆಬ್ಬೂರು ದಾಟಿದ ಮೇಲೆ ಆಕಾಶ ಕಪ್ಪಿಟ್ಟಿತು. ಮಿಂಚಿದ ಹತ್ತೇ ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಮೂರು ಕಿಲೋಮೀಟರಿನಾಚೆ ಇದೆಯೆಂದು ಲೆಕ್ಕ. ಚಿತ್ರ ತೆಗೆಯಲು ಇಳಿಯುತ್ತೇನೆಂದವನನ್ನು ಗದರಿ ಕೂರಿಸಿದೆ. ಗಾಜು ಏರಿಸಿದ ಕಾರಿನೊಳಗೆ ಸಿಡಿಲಿನ ಭಯ ಕಡಿಮೆ.

ಮುಂದಿನ ತಿರುವಿನಲ್ಲಿ ಹುಣಸೆ ಮರದ ಕೆಳಗೆ ಒಬ್ಬ ಮುದುಕಿ, ಜೊತೆಗೆ ಏಳೆಂಟು ಮೇಕೆ. ಮರದಡಿ ನಿಲ್ಲಬೇಡಿ, ಕಾರಿಗೆ ಬನ್ನಿ ಅಜ್ಜೀ ಎಂದು ಕೂಗಿದೆವು. "ನಾನ್ ಬಂದ್ರೆ ಇವುನ್ನ ಯಾರಪ್ಪಾ ನೋಡ್ಕಂತಾರೆ?" ಎಂದರು. ಸ್ವಲ್ಪ ದೂರದಲ್ಲಿ ಹಾಲಿನ ಡೇರಿಯ ಕಟ್ಟಡವಿತ್ತು. ಹುಡುಗ ಬಾಗಿಲು ತೆರೆದು ಇಳಿದೇಬಿಟ್ಟ. ನಾನು ತಡೆಯಲಿಲ್ಲ, ನಾನೂ ಇಳಿದೆ. ಆಲಿಕಲ್ಲಿನ ಏಟು ತಿನ್ನುತ್ತ ಮೇಕೆಗಳನ್ನು ಅಟ್ಟಿಕೊಂಡು ಒಳಗೆ ಸೇರಿದೆವು.

ಮಿಂಚು ಅದೇ, ಅಪಾಯವೂ ಅಷ್ಟೇ. ಐದು ನಿಮಿಷದ ಹಿಂದೆ ಬೇಡವೆಂದದ್ದು ಈಗ ಸರಿಯೆನಿಸಿತು. ದೇವಾಲಯದ ಶಿಖರದಿಂದ ಧುಮುಕು ಎಂದ ಸೈತಾನನ ಮಾತಿಗೆ ಒಪ್ಪದ ಯೇಸುವೇ ಕುರಿಗಳಿಗಾಗಿ ಪ್ರಾಣ ಕೊಡುವ ಕುರುಬನ ಮಾತನ್ನೂ ಆಡಿದವರು. ಅಪಾಯದ ಅಳತೆಯೊಂದರಿಂದಲೇ ಪಾಪಪುಣ್ಯದ ತೀರ್ಮಾನವಾಗದು. ಯಾರಿಗಾಗಿ ಇಳಿದೆ ಎಂದೂ ಕೇಳಬೇಕು. ಹಾಗೆಂದು ಎಲ್ಲರೂ ಸಿಡಿಲಿನಲ್ಲಿ ಇಳಿಯಿರಿ ಎನ್ನುತ್ತಿಲ್ಲ. ಮೋಡ ಕಟ್ಟುವ ಮೊದಲೇ ಮೇಯಿಸುವವರಿಗೆ ಸುದ್ದಿ ಮುಟ್ಟಿಸುವುದು ಇದಕ್ಕಿಂತ ಮೇಲು.

ಮಳೆ ನಿಂತ ಮೇಲೆ ಕುಣಿಗಲ್ ಹತ್ತಿರ ಒಂದು ಬಾಳೆ ತೋಟ ಪೂರ್ತಿ ನೆಲ ಕಚ್ಚಿತ್ತು. ಗೊನೆ ಬಿಟ್ಟ ಗಿಡಗಳು. ಹುಡುಗನ ಕೈಯಲ್ಲಿ ಮೊಬೈಲ್ ಕಂಡು ತೋಟದ ಯಜಮಾನರು ಓಡಿ ಬಂದರು. "ನಷ್ಟ ಬರ್ಕೊಳಕ್ಕೆ ಬಂದ್ರಾ ಸಾರ್? ಇಷ್ಟು ಬೇಗ?" ನಾವು ಮಳೆ ನೋಡಲು ಬಂದವರೆಂದು ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಬೆಳೆ ಶೇಕಡಾ 33ಕ್ಕಿಂತ ಹೆಚ್ಚು ಹಾಳಾಗಿದ್ದರೆ ಸರ್ಕಾರದ ಪರಿಹಾರಕ್ಕೆ ಅವಕಾಶವಿದೆ, ಬೇಗ ಅರ್ಜಿ ಕೊಡಿ ಎಂದೆ. ಹುಡುಗ ತೋಟದ ನಾಲ್ಕೂ ಮೂಲೆಯಿಂದ ಚಿತ್ರ ತೆಗೆದು, ದಿನಾಂಕ ಕಾಣುವಂತೆ ಮಾಡಿ, ಅವರ ಮಗನ ಮೊಬೈಲಿಗೆ ಕಳುಹಿಸಿದ. ಕತ್ತಲಾಗುವವರೆಗೂ ಅಲ್ಲೇ ಇದ್ದು, ಕೆಸರಿನಲ್ಲಿ ಬಿದ್ದ ಗೊನೆಗಳಲ್ಲಿ ಬಲಿತವನ್ನು ಆರಿಸಿ ಕಡಿಯಲು ಅವರಿಗೆ ಕೈಜೋಡಿಸಿದೆವು.