ಮರಳಿ ಬಂದ ಪದಬಂಧ



ನೀವು ಶ್ರಮಪಟ್ಟು ಮಾಡಿದ ಕೆಲಸವನ್ನು ಇನ್ನೊಬ್ಬರು 'ಬೇಡ' ಎಂದು ಹಿಂದಿರುಗಿಸಿದಾಗ ನಿಮ್ಮ ನಾಲಗೆಯಿಂದ ಹೊರಡುವ ಮೊದಲ ಮಾತು ಯಾವುದು? ಪ್ರಶ್ನೆ ಚಿಕ್ಕದು. ಆದರೆ ನಮ್ಮ ಅಂತರಂಗವನ್ನು ತೋರಿಸಿಕೊಡಲು ಇಷ್ಟು ಸಾಕು.

ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮಕ್ಕಳಿಗಾಗಿ ಒಂದು ಪದಬಂಧ ರಚಿಸಿ ಪತ್ರಿಕೆಯೊಂದಕ್ಕೆ ಕಳುಹಿಸಿದ್ದೆ. ಇಶಾ ನಮಾಝಿನ ಬಳಿಕ ಎಷ್ಟೋ ರಾತ್ರಿ ಕುಳಿತು, ಬರೆದು ಅಳಿಸಿ, ಅದರ ಮನೆಗಳನ್ನು ತುಂಬಿಸಿದ್ದೆ. ಎರಡು ತಿಂಗಳಲ್ಲಿ ಅದು ಮರಳಿ ಬಂತು. ಜೊತೆಗೊಂದು ಟಿಪ್ಪಣಿ: 'ಪ್ರಕಟಣೆಗೆ ಸೂಕ್ತವಾಗಿಲ್ಲ. ಒಂದು ಸುಳಿವಿಗೆ ಒಂದೇ ಉತ್ತರವಿರಬೇಕು.'

"ಅವರಿಗೆ ತಮ್ಮವರದ್ದು ಮಾತ್ರ ಬೇಕು. ನಮ್ಮಂಥವರದ್ದನ್ನು ಬಿಡಿಸಿಯೂ ನೋಡುವುದಿಲ್ಲ" ಎಂದೆ ನಾನು.

"ನೋಡದೆ ಈ ಟಿಪ್ಪಣಿಯನ್ನು ಹೇಗೆ ಬರೆದರು?" ಎಂದು ನನ್ನ ಪತ್ನಿ ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಮುಖವನ್ನೇ ನೋಡದ ಒಬ್ಬ ವ್ಯಕ್ತಿಯ ಮೇಲೆ ಒಂದೇ ಉಸಿರಿನಲ್ಲಿ ಎರಡು ಆರೋಪಗಳನ್ನು ಹೊರಿಸಿಬಿಟ್ಟಿದ್ದೆ. ಗುಮಾನಿ ಮತ್ತು ಪರದೂಷಣೆ ಇವೆರಡನ್ನೂ ಪವಿತ್ರ ಕುರ್‌ಆನ್ ಸೂರಃ ಅಲ್ ಹುಜುರಾತ್‌ನ ಒಂದೇ ಸೂಕ್ತದಲ್ಲಿ ನಿಷೇಧಿಸಿದೆ. ಅವು ಒಂದರ ಬೆನ್ನಿಗೊಂದು ಬರುತ್ತವೆ ಎಂಬುದು ನನಗೆ ಅಂದು ಮನವರಿಕೆಯಾಯಿತು. ನನ್ನ ಪದಬಂಧ ಮರಳಿ ಬಂದುದರಿಂದ ನನಗೇನೂ ನಷ್ಟವಾಗಿರಲಿಲ್ಲ. ನಷ್ಟವಾದದ್ದು ನನ್ನ ಮಾತಿನಿಂದ.

ಮರುದಿನ ಆ ಹಾಳೆಯನ್ನು ತರಗತಿಗೆ ಒಯ್ದೆ. ಪದಬಂಧ ನಮ್ಮಲ್ಲಿ ಹುಟ್ಟಿದ ಆಟವಲ್ಲ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಎಂಬವರು ಪ್ರಕಟಿಸಿದ್ದು ಆಧುನಿಕ ಪದಬಂಧಗಳಲ್ಲಿ ಮೊದಲನೆಯದು. ಇಂಗ್ಲಿಷಿನಲ್ಲಿ ಮನೆಗೊಂದು ಲಿಪಿಚಿಹ್ನೆ. ಕನ್ನಡದಲ್ಲಾದರೋ ಕಾಗುಣಿತ, ಒತ್ತು ಎಲ್ಲವೂ ಸೇರಿದ ಪೂರ್ಣ ಅಕ್ಷರ. 'ಕ' ಇರುವ ಮನೆಯಲ್ಲಿ 'ಕಾ' ಕೂರಲಾರದು. ಅರಬಿ ಪದಗಳನ್ನು ತಂದರೆ ತೊಡಕು ಇನ್ನೂ ಹೆಚ್ಚು. ಒಬ್ಬರು 'ಝಕಾತ್' ಎಂದು ಬರೆದರೆ ಇನ್ನೊಬ್ಬರು 'ಜಕಾತ್' ಎಂದು ಬರೆಯುತ್ತಾರೆ. 'ರಂಝಾನ್'ಗೆ ಮೂರು ಮನೆ ಸಾಕು, 'ರಮಝಾನ್'ಗೆ ನಾಲ್ಕು ಬೇಕು.

'ದಿನದ ಪ್ರಥಮ ಬೆಳಕಿನ ನಮಾಝ್, ಎರಡಕ್ಷರ' ಎಂಬುದು ನನ್ನ ಒಂದು ಸುಳಿವು. ನನ್ನ ಉತ್ತರ 'ಫಜ್ರ್'. ಹಿಂದಿನ ಬೆಂಚಿನ ಬಾಲಕನೊಬ್ಬ 'ಸುಬ್ಹ್' ಎಂದು ಬರೆದಿದ್ದ. ಅದೂ ಎರಡಕ್ಷರ, ಅದೂ ಅದೇ ನಮಾಝಿನ ಹೆಸರು. ಆದರೆ ಅವನ ಸರಿಯುತ್ತರದಿಂದಾಗಿ ಅಕ್ಕಪಕ್ಕದ ಪದಗಳೆಲ್ಲ ಕೆಟ್ಟುಹೋಗಿ, ಪಾಪ, ಅವನು ತಲೆತಗ್ಗಿಸಿ ಕುಳಿತಿದ್ದ. ಆ ಸಂಪಾದಕರು ಇಂತಹ ಸಾವಿರ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ 'ಬೇಡ' ಎಂದಿದ್ದರು. ಪತ್ರಿಕೆಯ ಪುಟ ಅವರ ಕೈಯಲ್ಲಿರುವ ಅಮಾನತ್. ನನ್ನನ್ನು ಸಂತೋಷಪಡಿಸಲು ಅವರು ಓದುಗರ ಹಕ್ಕನ್ನು ಬಲಿಕೊಡಬೇಕಿತ್ತೇ?

ನಮ್ಮ ಹದೀಸ್ ವಿದ್ವಾಂಸರನ್ನು ನೆನಪಿಸಿಕೊಳ್ಳಿ. ಪದಬಂಧವನ್ನು ಹದೀಸಿಗೆ ಹೋಲಿಸುವ ಉದ್ಧಟತನ ನನ್ನದಲ್ಲ. ಆ ಮಹನೀಯರ ವಿವೇಕದಿಂದ ಒಂದು ಪಾಠ ಕಲಿಯೋಣ ಎಂದಷ್ಟೇ ಹೇಳುತ್ತಿದ್ದೇನೆ. ವರದಿಗಾರನಲ್ಲಿ ಅವರು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಪರಿಶೀಲಿಸುತ್ತಿದ್ದರು. ಒಂದು ಅವನ ಸಚ್ಚಾರಿತ್ರ್ಯ, ಇನ್ನೊಂದು ಅವನ ನೆನಪಿನ ಖಚಿತತೆ. ರಾತ್ರಿಯಿಡೀ ಆರಾಧಿಸುವ ಧರ್ಮನಿಷ್ಠನೇ ಆಗಿದ್ದರೂ ನೆನಪು ದುರ್ಬಲವಾಗಿದ್ದರೆ ಅವನ ವರದಿಯನ್ನು ಪಕ್ಕಕ್ಕಿಡುತ್ತಿದ್ದರು. ಹಾಗೆಂದು ಅವನ ಭಕ್ತಿಯನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ಇಮಾಮ್ ಬುಖಾರಿ(ರ)ಯವರು ಸುಮಾರು ಆರು ಲಕ್ಷ ವರದಿಗಳಿಂದ ತಮ್ಮ ಸಂಗ್ರಹವನ್ನು ಆಯ್ದರೆಂದು ಉಲ್ಲೇಖವಿದೆ. ಗ್ರಂಥ ದೀರ್ಘವಾದೀತೆಂದು ಅವರು ಸ್ವಹೀಹ್ ಆದ ಎಷ್ಟೋ ಹದೀಸ್‌ಗಳನ್ನೂ ಬಿಟ್ಟಿದ್ದಾರೆ. ಆದುದರಿಂದ ಕೆಲಸ ತಿರಸ್ಕೃತವಾದರೆ ಮನುಷ್ಯ ತಿರಸ್ಕೃತನಾದಂತಲ್ಲ. ಬಿಟ್ಟದ್ದೆಲ್ಲವೂ ಕಳಪೆಯೆಂದೂ ಅರ್ಥವಲ್ಲ.

ಸಂಪಾದಕರು ತಪ್ಪು ಮಾಡುವುದೇ ಇಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಮಾಡುತ್ತಾರೆ. ಅವರೂ ಮನುಷ್ಯರು. ಪರಿಚಯದ ಮುಲಾಜಿಗೆ ಒಳ್ಳೆಯದನ್ನು ತಳ್ಳಿಹಾಕಿದರೆ ಅವರು ಅಲ್ಲಾಹನ ಮುಂದೆ ಉತ್ತರಿಸಬೇಕು. ಆದರೆ ಪುರಾವೆಯಿಲ್ಲದೆ ಆ ತೀರ್ಪನ್ನು ನಾವು ನೀಡುವಂತಿಲ್ಲ. ಸಹನೆಯೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೂ ಅಲ್ಲ. ಲೋಪವಿದ್ದರೆ ತಿದ್ದಬೇಕು, ಸಂಶಯವಿದ್ದರೆ ಸೌಜನ್ಯದಿಂದ ಕೇಳಬೇಕು, ಮತ್ತೆ ಪ್ರಯತ್ನಿಸಬೇಕು. ನಾವೂ ದಿನನಿತ್ಯ ಇತರರಿಗೆ 'ಬೇಡ' ಎನ್ನುವವರೇ ಅಲ್ಲವೇ? ಮಗಳು ಬಿಡಿಸಿದ ಚಿತ್ರಕ್ಕೆ, ಮಡದಿ ಮಾಡಿದ ಅಡುಗೆಗೆ, ಕೆಲಸ ಕೇಳಿ ಬಂದ ಯುವಕನಿಗೆ. ಆಗ ಆ ಸಂಪಾದಕರಂತೆ ಕಾರಣವನ್ನೂ ಸೇರಿಸಿ ಹೇಳುವ ಉದಾರತೆ ನಮ್ಮಲ್ಲಿದೆಯೇ?

ನಾನು ತೌಬಾ ಮಾಡಿದೆ. ಯಾರ ಮುಂದೆ ಅವರನ್ನು ದೂಷಿಸಿದ್ದೆನೋ ಅವಳ ಮುಂದೆಯೇ ಅವರ ಬಗ್ಗೆ ಒಳ್ಳೆಯ ಮಾತಾಡಿದೆ, ಅವರಿಗಾಗಿ ದುಆ ಮಾಡಿದೆ. ಬಳಿಕ ಸುಳಿವುಗಳನ್ನು ತಿದ್ದಿ ಮತ್ತೆ ಕಳುಹಿಸಿದೆ. ಪ್ರಕಟವಾಯಿತೇ? ಇಲ್ಲ, ಸ್ಥಳಾವಕಾಶವಿಲ್ಲವೆಂದು ಅದೂ ಮರಳಿತು. ಸುಳ್ಳೇಕೆ, ಆಗಲೂ ಮನಸ್ಸು ಕಹಿಯಾಯಿತು. ಆದರೆ ನಾಲಗೆ ಸುಮ್ಮನಿತ್ತು. ತಿದ್ದಿದ ಹಾಳೆಯನ್ನು ಆ ಬಾಲಕನಿಗೆ ಕೊಟ್ಟೆ. ಅವನು ಎಲ್ಲ ಮನೆಗಳನ್ನೂ ತುಂಬಿಸಿ ಓಡಿ ಬಂದು ತೋರಿಸಿದ. ಮಕ್ಕಳಿಗಾಗಿ ಎಂಬ ನನ್ನ ನಿಯ್ಯತ್ ನಿಜವಾಗಿದ್ದರೆ, ಅದು ಅಂದೇ ಈಡೇರಿತಲ್ಲವೇ? ಕೇವಲ ಹೆಸರಿಗಾಗಿ ಆಗಿದ್ದರೆ, ಅಚ್ಚಾಗಿದ್ದರೂ ನನ್ನ ಪಾಲಿಗೆ ಏನು ಉಳಿಯುತ್ತಿತ್ತು?

ಜನರು ಹಿಂದಿರುಗಿಸಿದರೂ ತನ್ನ ಬಳಿ ಸ್ವೀಕೃತವಾಗುವ ಕರ್ಮಗಳನ್ನು ಮಾಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.